ರೊಟ್ಟಿ ಬಡಿಯುವ ಕೈಗೆ ಪಿಸ್ತೂಲು ಬಗ್ಗುವುದಿಲ್ಲವೇ?

ಪೊಲೀಸ್ ತರಬೇತಿಯಲ್ಲಿರುವ ನನ್ನ ತಂಗಿಯ ಮಗಳು ದೀಪಾವಳಿಗೆ ಎರಡು ದಿನದ ರಜೆ ಹಾಕಿ ಕುರಕುಂಟಾಕ್ಕೆ ಬಂದಿದ್ದಳು. ಚಹಾದ ಕಪ್ಪು ಹಿಡಿದು ಕುಳಿತವಳ ಎಡಗೈ ನೋಡಿದೆ. ಹೆಬ್ಬೆರಳು, ತೋರುಬೆರಳ ತುದಿಯಲ್ಲಿ ಚರ್ಮ ಸುಲಿದಿತ್ತು.

'ಏನಾತವ್ವಾ ಕೈಗೆ?' ಎಂದೆ.

'ಪಿಸ್ತೂಲ್ ಮಾಮಾ. ಹೊಸಾವು ಬಂದಾವ. ಸ್ಲೈಡ್ ಭಾಳ ಬಿಗಿ ಅದ. ಜಗ್ಗಿ ಜಗ್ಗಿ ಹಿಂಗಾಗ್ಯಾದ' ಎಂದಳು.

ಆಮೇಲೆ ಉಳಿದದ್ದನ್ನೂ ಹೇಳಿದಳು. 9 ಎಂಎಂ ಪಿಸ್ತೂಲು ಕೈಗೆ ಕೊಟ್ಟ ಮೊದಲ ದಿನ ಅವಳ ತಂಡದ ಅರ್ಧಕ್ಕಿಂತ ಹೆಚ್ಚು ಹುಡುಗಿಯರಿಗೆ ಸ್ಲೈಡ್ ಪೂರ್ತಿ ಹಿಂದಕ್ಕೆ ಬರಲಿಲ್ಲ. ಪಕ್ಕದ ತಂಡದ ಕೆಲವು ಹುಡುಗರಿಗೂ ಬರಲಿಲ್ಲ. ಹುಡುಗರಿಗೆ ಕಲಿಸುವವರು 'ಸರಿಯಾಗಿ ಹಿಡಿಯೋ' ಎಂದರು. ಹುಡುಗಿಯರಿಗೆ ಹೇಳಿದ್ದು ಬೇರೆ: 'ರೊಟ್ಟಿ ಬಡಿಯೋ ಕೈಗೆ ಇದು ಬಗ್ಗಂಗಿಲ್ಲ ಬಿಡ್ರಿ.' ಎಲ್ಲರೂ ನಕ್ಕರು. 'ನಾನೂ ನಕ್ಕೆ ಮಾಮಾ' ಎಂದು ಹೇಳಿ ಅವಳು ಕಪ್ಪು ಕೆಳಗಿಟ್ಟಳು.

ಈ ಲೇಖನ ಆ ಒಂದು ಮಾತಿನ ವಿರುದ್ಧ. ತರಬೇತಿ ಕೇಂದ್ರದ ಹೆಸರು ಹೇಳುವುದಿಲ್ಲ, ಹೇಳಿದವರ ಹೆಸರು ನನಗೆ ಬೇಕೂ ಆಗಿಲ್ಲ. ಯಾಕೆಂದರೆ ಆ ಮಾತು ಒಬ್ಬರದಲ್ಲ. ಕಲಿಸಬೇಕಾದವರು ಕಲಿಸದೇ ಬಿಟ್ಟದ್ದನ್ನು ಕಲಿಯುವವರ ಮೈಯ ಕೊರತೆ ಎಂದು ಬರೆದಿಡುವುದು ನಮ್ಮಲ್ಲಿ ಬಹಳ ಹಳೆಯ ಚಾಳಿ. ಪಿಸ್ತೂಲಿನ ಬಿಗಿ ಸ್ಲೈಡು ಅದಕ್ಕೆ ಸಿಕ್ಕ ಹೊಸ ನೆಪ, ಅಷ್ಟೆ.

ಸಾಹಿತ್ಯದ ಪತ್ರಿಕೆಯಲ್ಲಿ ಸ್ಪ್ರಿಂಗು, ಗ್ರೀಸಿನ ಮಾತು ಯಾಕೆ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿಲ್ಲದ ಕಡೆಯಲ್ಲೇ ಆ ಯಂತ್ರದ ಬಗ್ಗೆ ಸುಳ್ಳು ಹುಟ್ಟುವುದು. ಆದ್ದರಿಂದ ಮೊದಲು ಯಂತ್ರ.

ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಉಕ್ಕಿನ ಹೊದಿಕೆಯೇ ಸ್ಲೈಡ್. ಅದನ್ನು ಪೂರ್ತಿ ಹಿಂದಕ್ಕೆ ಎಳೆದು ಬಿಟ್ಟರೆ ಅದು ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ನುಗ್ಗುವಾಗ ಮ್ಯಾಗಝಿನ್‌ನ ಮೇಲಿನ ಗುಂಡನ್ನು ನೂಕಿ ನಳಿಗೆಯ ಹಿಂಬದಿಯ ಕೋಣೆಗೆ ಸೇರಿಸುತ್ತದೆ. ಗುಂಡು ಹಾರಿದಾಗ ಇದೇ ಕೆಲಸವನ್ನು ಸ್ಫೋಟದ ಹಿನ್ನೂಕು ಮಾಡುತ್ತದೆ. ಆ ಹಿನ್ನೂಕನ್ನು ತಾಳಿಕೊಳ್ಳುವುದು, ಸ್ಲೈಡನ್ನು ಮತ್ತೆ ಮುಂದಕ್ಕೆ ತರುವುದು, ಎರಡೂ ಆ ಒಂದು ಸ್ಪ್ರಿಂಗಿನ ಪಾಲಿನವು. ಅದು ಬಿಗಿ ಇರಲೇಬೇಕು. ಸಡಿಲಾದರೆ ಗುಂಡು ಸರಿಯಾಗಿ ಒಳಗೆ ಕೂಡುವುದಿಲ್ಲ, ಉಕ್ಕಿಗೆ ಉಕ್ಕು ಬಡಿದು ಪಿಸ್ತೂಲೇ ಹಾಳಾಗುತ್ತದೆ.

ನಮ್ಮ ಪೊಲೀಸರ ಕೈಯಲ್ಲಿ ಬಹುಕಾಲದಿಂದ ಇರುವ 9 ಎಂಎಂ ಪಿಸ್ತೂಲು ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾದದ್ದು. ಅದರ ಮೂಲ 1935ರ ಬ್ರೌನಿಂಗ್ ಹೈ ಪವರ್. ಇದರಲ್ಲಿ ಹಿಂಬದಿಗೆ ಹ್ಯಾಮರ್ ಇದೆ. ಹ್ಯಾಮರ್ ಕೆಳಗೆ ಬಿದ್ದಿರುವಾಗ ಸ್ಲೈಡ್ ಎಳೆದರೆ ನೀವು ಒಂದಲ್ಲ, ಎರಡು ಸ್ಪ್ರಿಂಗುಗಳ ಜೊತೆ ಗುದ್ದಾಡುತ್ತೀರಿ. ಒಂದು ಸ್ಲೈಡಿನದು. ಇನ್ನೊಂದು, ಸ್ಲೈಡ್ ಹಿಂದೆ ಬರುವಾಗ ಮಲಗಿಸಬೇಕಾದ ಹ್ಯಾಮರಿನದು. ಮೊದಲು ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆ ಎಳೆದು ನಿಲ್ಲಿಸಿಕೊಂಡರೆ ಎರಡನೆಯ ಭಾರ ತಪ್ಪುತ್ತದೆ. ಹ್ಯಾಮರ್ ಹಿಂದಿದ್ದು ಸೇಫ್ಟಿ ಹಾಕಿದ್ದರಂತೂ ಸ್ಲೈಡ್ ಕಚ್ಚಿಕೊಂಡೇ ಇರುತ್ತದೆ. ಆಗ ಪೈಲ್ವಾನ ಬಂದರೂ ಅದು ಅಲುಗದು. ಇದನ್ನೆಲ್ಲ ಹೇಳಲಿಕ್ಕೆ ಎರಡು ನಿಮಿಷ ಸಾಕು. ಅವಳಿಗೆ ಯಾರೂ ಹೇಳಿರಲಿಲ್ಲ.

ಹೇಳಿದವರು ನಮ್ಮ ಅಪ್ಪ, ಅವಳ ಮುತ್ಯಾ. ಅವರು ಜೀವಮಾನದಲ್ಲಿ ಪಿಸ್ತೂಲು ಮುಟ್ಟಿದವರಲ್ಲ. ಕುರಕುಂಟಾದ ಸಿಸಿಐ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವರು. 1970ರ ದಶಕದಲ್ಲಿ ಹೊಗೆ ಎಬ್ಬಿಸಿದ ಆ ಸರಕಾರಿ ಕಾರ್ಖಾನೆ 1990ರ ದಶಕದ ಕೊನೆಗೆ ನಿಂತುಹೋಯಿತು. ಅಪ್ಪನ ಪಾನಾಗಳ ಪೆಟ್ಟಿಗೆ ಮಾತ್ರ ಇನ್ನೂ ಮಂಚದ ಕೆಳಗಿದೆ. ಮೊಮ್ಮಗಳ ಬೆರಳು ನೋಡಿದವರೇ ಒಂದು ಪಾನಾ ತೆಗೆದು ಅವಳ ಕೈಗೆ ಕೊಟ್ಟರು.

'ಎರಡು ಬೆರಳಾಗ ಚಿವುಟಿ ಹಿಡಿ' ಎಂದರು. ಹಿಡಿದಳು. ಅವರು ಎಳೆದರು, ಪಾನಾ ಜಾರಿತು. 'ಈಗ ಇಡೀ ಅಂಗೈಲಿ ಹಿಡಿ.' ಹಿಡಿದಳು. ಎಂಬತ್ತರ ಹತ್ತಿರದ ಮುದುಕ ಎಷ್ಟು ಎಳೆದರೂ ಪಾನಾ ಬರಲಿಲ್ಲ.

'ನಿನ್ನ ಬಲಾ ಅದೇ ಅದ, ಹಿಡಿಯೋ ಜಾಗಾ ಬದಲಾತು. ಇನ್ನೊಂದು ಕೇಳು. ಬಿಗಿ ಇದ್ದ ಸಾಮಾನು ಯಾವತ್ತೂ ಒಂದೇ ಕೈಲಿ ಜಗ್ಗಬ್ಯಾಡ. ಒಂದು ಕೈಲಿ ಹಿಡಿ, ಇನ್ನೊಂದು ಕೈಲಿ ದಬ್ಬು.'

ಆಮೇಲೆ ನಾನು ಓದಿ ನೋಡಿದೆ. ಜಗತ್ತಿನ ಒಳ್ಳೆಯ ತರಬೇತುದಾರರು ಹೇಳುವುದೂ ಇದನ್ನೇ. ಮ್ಯಾಗಝಿನ್ ತೆಗೆದ ಪಿಸ್ತೂಲಿನಲ್ಲಿ ಅಭ್ಯಾಸ ಮಾಡು. ಮೂತಿ ಸದಾ ಸುರಕ್ಷಿತ ದಿಕ್ಕಿಗಿರಲಿ, ಬೆರಳು ಟ್ರಿಗರಿನ ಹೊರಗಿರಲಿ. ಕೈ ಚಾಚಿ ದೂರ ಹಿಡಿಯಬೇಡ, ಎದೆಯ ಹತ್ತಿರ ತಂದುಕೋ. ಎಡಗೈಯನ್ನು ಸ್ಲೈಡಿನ ಹಿಂಭಾಗದ ಮೇಲೆ ಮುಚ್ಚಳದ ಹಾಗೆ ಬೋರಲು ಹಾಕಿ, ನಾಲ್ಕು ಬೆರಳು ಒಂದು ಕಡೆ, ಅಂಗೈಯ ದಪ್ಪ ಭಾಗ ಇನ್ನೊಂದು ಕಡೆ ಕೂಡುವಂತೆ ಬಿಗಿ ಹಿಡಿ. ಈಗ ಬಲಗೈಲಿರುವ ಹಿಡಿಕೆಯನ್ನು ಮುಂದಕ್ಕೆ ದಬ್ಬು, ಎಡಗೈ ಹಿಂದಕ್ಕೆ ಹೋಗಲಿ. ಕೊನೆ ಮುಟ್ಟಿದ ಕೂಡಲೇ ಕೈ ಬಿಟ್ಟುಬಿಡು. ಸ್ಲೈಡಿನ ಜೊತೆ ಕೈಯನ್ನೂ ಮುಂದಕ್ಕೆ ಕಳಿಸಬೇಡ, ಅದು ತನ್ನ ಬಲದಲ್ಲೇ ಹೋಗಬೇಕು. ಹೀಗೆ ಮಾಡಿದರೆ ಎರಡು ಬೆರಳಿನ ಕೆಲಸವನ್ನು ಭುಜ, ಎದೆ, ಬೆನ್ನಿನ ಸ್ನಾಯುಗಳು ಹಂಚಿಕೊಳ್ಳುತ್ತವೆ.

ಹೊಸ ಪಿಸ್ತೂಲಿನ ಮಾತು ಇನ್ನೂ ಬೇರೆ. ಕಾರ್ಖಾನೆಯಿಂದ ಬರುವಾಗ ತುಕ್ಕು ಹಿಡಿಯದಿರಲಿ ಎಂದು ದಪ್ಪ ಗ್ರೀಸು ಬಳಿದಿರುತ್ತಾರೆ. ಅದು ಸ್ಲೈಡ್ ಜಾರುವ ಹಳಿಗಳಲ್ಲಿ ಅಂಟಾಗಿ ಕೂತಿರುತ್ತದೆ. ಅದನ್ನು ಬಿಚ್ಚಿ, ಒರೆಸಿ, ತೆಳುವಾಗಿ ಎಣ್ಣೆ ಹಾಕಬೇಕು. ಉಕ್ಕಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಲಿಕ್ಕೆ, ಸ್ಪ್ರಿಂಗಿನ ಮೊದಲ ಬಿರುಸು ಇಳಿಯಲಿಕ್ಕೆ ಕೆಲವು ನೂರು ಸುತ್ತಿನ ಬಳಕೆ ಬೇಕು. ಹೊಸ ಚಪ್ಪಲಿ ಕಚ್ಚಿದರೆ ಯಾರೂ ಕಾಲಿಗೆ ಬೈಯುವುದಿಲ್ಲ.

'ಅದೆಲ್ಲ ಸರಿ, ಆದರೆ ಬಲ ಅನ್ನುವುದೂ ಇದೆಯಲ್ಲ?' ಎನ್ನುವವರಿದ್ದಾರೆ. ಇದೆ. ಸರಾಸರಿ ತೆಗೆದರೆ ಗಂಡಸರ ಹಿಡಿತದ ಬಲ ಹೆಂಗಸರದ್ದಕ್ಕಿಂತ ಹೆಚ್ಚು. ಅದನ್ನು ಅಲ್ಲಗಳೆದು ನನಗೆ ಆಗಬೇಕಾದ್ದು ಏನೂ ಇಲ್ಲ. ಪ್ರಶ್ನೆ, ಈ ಕೆಲಸಕ್ಕೆ ಎಷ್ಟು ಬಲ ಬೇಕು ಎಂಬುದು. ಈ ಬಗೆಯ ಪಿಸ್ತೂಲುಗಳ ಸ್ಲೈಡ್ ಸ್ಪ್ರಿಂಗು ಸುಮಾರು 16ರಿಂದ 18 ಪೌಂಡಿನದು. ಅಂದರೆ 7-8 ಕೆಜಿ. ನಮ್ಮೂರ ಹೆಂಗಸರು ತಲೆ ಮೇಲೊಂದು, ಕಂಕುಳಲ್ಲೊಂದು ಹೊರುವ ತುಂಬಿದ ಕೊಡಗಳಲ್ಲಿ ಒಂದೊಂದೂ ಇದಕ್ಕಿಂತ ಭಾರ. ಆದರೆ ಚಿವುಟಿ ಹಿಡಿಯುವ ಬಲ ಇಡೀ ಅಂಗೈಯ ಹಿಡಿತದ ಒಂದು ಸಣ್ಣ ಪಾಲು ಮಾತ್ರ, ಗಂಡಸಿಗೂ ಅಷ್ಟೆ, ಹೆಂಗಸಿಗೂ ಅಷ್ಟೆ. ಹೆಚ್ಚು ಬಲ ಇರುವವನು ತಪ್ಪು ಹಿಡಿತದಲ್ಲೂ ಹೇಗೋ ದಾಟಿಬಿಡುತ್ತಾನೆ. ಅವನಿಗೆ ಕಲಿಸದೇ ಇದ್ದದ್ದು ಯಾರಿಗೂ ಕಾಣುವುದಿಲ್ಲ. ಕಡಿಮೆ ಇರುವವಳು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ. ಕಲಿಸದೇ ಇದ್ದದ್ದು ಅವಳಲ್ಲಿ ಬಯಲಾಗುತ್ತದೆ. ಬಯಲಾದ ಕೂಡಲೇ ತಪ್ಪು ಅವಳದಾಗುತ್ತದೆ.

ಇನ್ನೊಂದು ಭ್ರಮೆ, ಗುಂಡು ದೊಡ್ಡದಾದಷ್ಟೂ ಸ್ಲೈಡ್ ಬಿಗಿ, ಬಿಗಿಯಾದಷ್ಟೂ ಗಂಡಸುತನ ಎಂಬುದು. ಇದೂ ಯಂತ್ರ ಗೊತ್ತಿಲ್ಲದವರ ಮಾತು. ದೊಡ್ಡ ಗುಂಡಿನ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ನಳಿಗೆ ಮತ್ತು ಸ್ಲೈಡ್ ಒಂದಕ್ಕೊಂದು ಕೊಂಡಿ ಹಾಕಿಕೊಂಡಿದ್ದು, ಸ್ವಲ್ಪ ದೂರ ಜೊತೆಯಾಗಿ ಹಿಂದೆ ಸರಿದು ಆಮೇಲೆ ಬಿಡಿಸಿಕೊಳ್ಳುತ್ತವೆ. ಹಿನ್ನೂಕಿನ ಭಾರವನ್ನು ಆ ಕೊಂಡಿ ಹಂಚಿಕೊಳ್ಳುತ್ತದೆ. ಹಲವು ಚಿಕ್ಕ ಪಿಸ್ತೂಲುಗಳಲ್ಲಿ ಅಂಥ ಕೊಂಡಿ ಇಲ್ಲ, ಎಲ್ಲವನ್ನೂ ಸ್ಲೈಡಿನ ತೂಕ ಮತ್ತು ಸ್ಪ್ರಿಂಗೇ ತಡೆಯಬೇಕು. ಹಾಗಾಗಿ ಕಿಸೆಯಲ್ಲಿ ಹಿಡಿಯುವ ಪಿಸ್ತೂಲಿನ ಸ್ಲೈಡು 45 ಬೋರಿನ ದೊಡ್ಡ ಪಿಸ್ತೂಲಿನದ್ದಕ್ಕಿಂತ ಬಿಗಿ ಇರುವುದುಂಟು. 2018ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಸುಲಭವಾಗಿ ಎಳೆಯಬಹುದಾದ ಸ್ಲೈಡಿನ ಪಿಸ್ತೂಲೊಂದನ್ನು ಮಾರುಕಟ್ಟೆಗೆ ತಂದಿತು. ಒಳಗಿನ ಜೋಡಣೆ ಬದಲಿಸಿತು, ಸ್ಲೈಡು ಹಗುರಾಯಿತು. ಬಿಗಿತ ಒಂದು ವಿನ್ಯಾಸದ ಲೆಕ್ಕ. ಅದರಲ್ಲಿ ಪೌರುಷದ ಮಾತೇ ಇಲ್ಲ.

ಈಗ ರೊಟ್ಟಿಗೆ ಬರುತ್ತೇನೆ. ಆ ಮಾತು ಹೇಳಿದವರು ಒಮ್ಮೆಯೂ ಜೋಳದ ರೊಟ್ಟಿ ಬಡಿದಿರಲಿಕ್ಕಿಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟಿಲ್ಲ. ಕುದಿ ನೀರು ಹಾಕಿ, ಕೈ ಸುಡುವಾಗಲೇ ನಾದಬೇಕು. ಬಡಿಯುವಾಗ ಒಂದು ಕೈ ಬಡಿಯುತ್ತದೆ, ಇನ್ನೊಂದು ಅಂಚು ಕಾಯುತ್ತ ತಿರುಗಿಸುತ್ತದೆ. ಬಲ ಹೆಚ್ಚಾದರೆ ಹರಿಯುತ್ತದೆ, ಕಡಿಮೆಯಾದರೆ ದಪ್ಪಗಾಗುತ್ತದೆ. ನಾನು ಬಡಿದ ರೊಟ್ಟಿ ಇವತ್ತಿಗೂ ಹಂಚಿಗೆ ಹೋಗುವ ಮೊದಲೇ ಹರಿಯುತ್ತದೆ. ಆಗ ನಮ್ಮವ್ವ ನನಗೆ ಏನು ಹೇಳುತ್ತಿದ್ದಳು? 'ನಿನಗ ಬರಂಗಿಲ್ಲ, ಕಲೀಬೇಕು' ಎನ್ನುತ್ತಿದ್ದಳು. 'ಗಂಡಸಿನ ಕೈಗೆ ರೊಟ್ಟಿ ಬಗ್ಗಂಗಿಲ್ಲ' ಎಂದು ಹೇಳಿ ನನ್ನ ಮೈಯನ್ನೇ ದೂರಲಿಲ್ಲ. ಎರಡು ಕೈಗೆ ಎರಡು ಬೇರೆ ಕೆಲಸ, ಬಲಕ್ಕಿಂತ ಜಾಗದ ಲೆಕ್ಕ, ದಿನವೂ ಮಾಡಿದರೆ ಕೂಡುವ ಹದ. ರೊಟ್ಟಿಯ ಪಾಠವೂ ಇದೇ, ಸ್ಲೈಡಿನ ಪಾಠವೂ ಇದೇ. ಕಲಿಸುವವರಿಗೆ ಕಣ್ಣಿದ್ದರೆ 'ರೊಟ್ಟಿ ಬಡಿಯೋ ಕೈಗೆ ಇದು ಬಲ್ಲೇ ಬರ್ತದ' ಎನ್ನಬೇಕಿತ್ತು.

ಇನ್ನು ಈ ಭಾಗದ ಹೆಂಗಸರ ಕೈ. ಶಹಾಬಾದ್, ವಾಡಿ, ಚಿತ್ತಾಪುರದ ಸುತ್ತಿನ ಕಲ್ಲಿನ ಗಣಿಗಳಿಂದ ಹೊರಟ ಚಪ್ಪಡಿಗಳು ಈ ರಾಜ್ಯದ ಎಷ್ಟು ಮನೆಗಳ ನೆಲದಲ್ಲಿವೆ ಎಂದು ಯೋಚಿಸಿ. ಆ ಕಲ್ಲು ಹೊತ್ತವರಲ್ಲಿ, ಒಡೆದ ಚೂರು ಬುಟ್ಟಿಗೆ ತುಂಬಿದವರಲ್ಲಿ ಹೆಂಗಸರಿದ್ದಾರೆ. ಸೇಡಂ, ಚಿಂಚೋಳಿಯ ಹೊಲಗಳಲ್ಲಿ ತೊಗರಿ ಕೊಯ್ದು ಬಡಿಯುವವರಲ್ಲಿ ಇದ್ದಾರೆ. ಈ ಕೈಗಳನ್ನು ಕೂಲಿ ಕೊಡುವಾಗ ಮಾತ್ರ 'ಹೆಣ್ಣಾಳು' ಎಂದು ಎಣಿಸುತ್ತಾರೆ. ಭಾರ ಹೊರಿಸುವಾಗ ಯಾರಿಗೂ ಆ ಕೈ ಮೆತ್ತಗೆ ಎಂದು ನೆನಪಾಗುವುದಿಲ್ಲ. ಅಧಿಕಾರದ ಗುರುತಿರುವ ವಸ್ತು, ಅದು ಪಿಸ್ತೂಲಿರಲಿ, ಬಸ್ಸಿನ ಸ್ಟೇರಿಂಗ್ ಇರಲಿ, ಕೈಗೆ ಬರುವಾಗಲಷ್ಟೇ ನೆನಪಾಗುತ್ತದೆ.

ಈ ಸುಳ್ಳಿಗೆ ಒಬ್ಬ ಸಭ್ಯ ತಮ್ಮನಿದ್ದಾನೆ. ಅವನು ಗದರುವುದಿಲ್ಲ, ಮೃದುವಾಗಿ ಮಾರುತ್ತಾನೆ. 2012ರ ಡಿಸೆಂಬರಿನ ದಿಲ್ಲಿ ಪ್ರಕರಣದ ನಂತರ, 2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ 'ನಿರ್ಭೀಕ್' ಎಂಬ 32 ಬೋರಿನ ರಿವಾಲ್ವರನ್ನು ಹೆಂಗಸರಿಗೆಂದೇ ಹೊರತಂದಿತು. ಅರ್ಧ ಕೆಜಿ ತೂಕ, ಟೈಟಾನಿಯಂ ಮಿಶ್ರಲೋಹ, ಬೆಲೆ 1,22,360 ರೂಪಾಯಿ. ಇಟ್ಟುಕೊಟ್ಟದ್ದು ಒಡವೆ ಪೆಟ್ಟಿಗೆಯಂಥ ಮರೂನ್ ಬಣ್ಣದ ಪೆಟ್ಟಿಗೆಯಲ್ಲಿ. ಸತ್ತ ಹುಡುಗಿಗೆ ಮಾಧ್ಯಮಗಳು ಇಟ್ಟಿದ್ದ ಹೆಸರಿನ ನೆರಳನ್ನೇ ಹೊತ್ತ ಆಯುಧ, ಒಡವೆಯ ಪೆಟ್ಟಿಗೆಯಲ್ಲಿ! ರಾತ್ರಿ ಬಸ್ಸಿಗೆ ಕಾಯುವ ಯಾವ ಹುಡುಗಿಯ ಚೀಲದಲ್ಲಿ ಲಕ್ಷದ ಮೇಲೆ ಇಪ್ಪತ್ತೆರಡು ಸಾವಿರ ಇರುತ್ತದೆ? ಅವಳಿಗೆ ಬೇಕಾದದ್ದು ಸಮಯಕ್ಕೆ ಬರುವ ಬಸ್ಸು, ಉರಿಯುವ ಬೀದಿದೀಪ, ದೂರು ಬರೆದುಕೊಳ್ಳುವ ಠಾಣೆ. 'ನಿನ್ನ ಕೈ ಮೆತ್ತಗೆ, ಅದಕ್ಕೇ ಹಗುರ ಆಯುಧ ಕೊಟ್ಟಿದ್ದೇವೆ, ಇನ್ನು ನಿನ್ನ ರಕ್ಷಣೆ ನೀನೇ ನೋಡಿಕೋ' ಎನ್ನುವುದು ಉಡುಗೊರೆಯಲ್ಲ. ಸರಕಾರದ ಹೊಣೆಯನ್ನು ಬಣ್ಣದ ಕಾಗದ ಸುತ್ತಿ ಅವಳ ಮಡಿಲಿಗೆ ಹಾಕುವುದು.

ತರಬೇತುದಾರನ ಮಾತು ಮತ್ತು ಒಡವೆ ಪೆಟ್ಟಿಗೆ ಎರಡೂ ಒಂದೇ ನಂಬಿಕೆಯ ಮೇಲೆ ನಿಂತಿವೆ. ಹೆಣ್ಣಿನ ಕೈ ಬದಲಾಗದು, ಆದ್ದರಿಂದ ಒಂದೋ ಅವಳನ್ನು ಹೊರಗಿಡು, ಇಲ್ಲವೇ ಅವಳಿಗೆ ಆಟಿಕೆ ಕೊಡು. ಕಲಿಸು ಎಂಬ ಮೂರನೆಯ ದಾರಿ ಇಬ್ಬರಿಗೂ ಹೊಳೆಯುವುದಿಲ್ಲ.

ಹೊಳೆದ ಕಡೆ ಏನಾಯಿತು ನೋಡಿ. ಉತ್ತರ ಪ್ರದೇಶದ ಬಾಗಪತ್ ಜಿಲ್ಲೆಯ ಜೋಹ್ರಿ ಹಳ್ಳಿಯ ಚಂದ್ರೋ ತೋಮರ್ 1999ರಲ್ಲಿ ಮೊಮ್ಮಗಳ ಜೊತೆ ಶೂಟಿಂಗ್ ಕ್ಲಬ್ಬಿಗೆ ಹೋದವರು. ಆಗಲೇ ಅರವತ್ತು ದಾಟಿತ್ತು. ಹೊಲದ, ಹಟ್ಟಿಯ ಕೆಲಸ ಮಾಡಿದ ಕೈಗೆ ಪಿಸ್ತೂಲು ಹಿಡಿದರು, ಕಲಿತರು, ಸ್ಪರ್ಧೆಗಳಲ್ಲಿ ಗೆದ್ದರು. ವಾರಗಿತ್ತಿ ಪ್ರಕಾಶಿ ತೋಮರ್ ಕೂಡ ಹಾಗೆಯೇ ಹೆಸರಾದರು. ಅಲ್ಲಿ ಒಬ್ಬ ತರಬೇತುದಾರ ನಗದೇ ಕಲಿಸಿದ, ಅಷ್ಟೇ ವ್ಯತ್ಯಾಸ.

ಯಂತ್ರದ ತಪ್ಪು ಮನುಷ್ಯಳ ತಪ್ಪಾಗುವುದಕ್ಕೆ ಮನು ಭಾಕರ್ ಸಾಕ್ಷಿ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯ ನಡುವೆಯೇ ಅವರ ಪಿಸ್ತೂಲು ಕೆಟ್ಟಿತು. ಅದನ್ನು ರಿಪೇರಿ ಮಾಡಿಸುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋದವು. ಫೈನಲ್ ತಪ್ಪಿತು. ಹತ್ತೊಂಬತ್ತರ ಹುಡುಗಿಯ ಮನೋಬಲದ ಮೇಲೆ ಪ್ರವಚನ ಕೊಟ್ಟವರು ಆಗ ನಮ್ಮಲ್ಲಿ ಕಡಿಮೆ ಇರಲಿಲ್ಲ. 2024ರಲ್ಲಿ ಪ್ಯಾರಿಸ್‌ನಿಂದ ಅವರು ಎರಡು ಕಂಚು ತಂದರು. ಮನೋಬಲ ಮೊದಲೂ ಇತ್ತು. ಟೋಕಿಯೊದಲ್ಲಿ ಕೈಕೊಟ್ಟದ್ದು ಪಿಸ್ತೂಲು.

ಇಲ್ಲಿ ನನ್ನ ಓದುಗರಲ್ಲೇ ಕೆಲವರು ಎದ್ದು ನಿಲ್ಲುತ್ತಾರೆ: 'ಪಿಸ್ತೂಲು ಹಿಡಿಯುವುದನ್ನು ಕಲಿಸಿ ಎನ್ನುತ್ತೀಯಲ್ಲ, ಈ ನೆಲದಲ್ಲಿ ಪಿಸ್ತೂಲು ಏನು ಮಾಡಿದೆ ಮರೆತೆಯಾ?' ಮರೆತಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಎಂ.ಎಂ. ಕಲಬುರ್ಗಿಯವರ ಮನೆಬಾಗಿಲು ತಟ್ಟಿದವರನ್ನು ಕನ್ನಡದ ಯಾವ ಓದುಗನೂ ಮರೆಯಲಾರ. 2017ರ ಸೆಪ್ಟೆಂಬರ್ 5ರ ಸಂಜೆ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಮನೆಯ ಗೇಟಿನ ಹತ್ತಿರ ಬಿದ್ದದ್ದನ್ನೂ. ಎರಡೂ ಕಡೆ ಬಳಸಿದ್ದು 7.65 ಎಂಎಂ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಗಮನಿಸಿ, ಅದು ಸಣ್ಣ ಗುಂಡು. ದೊಡ್ಡ ಬೋರು, ಬಿಗಿ ಸ್ಲೈಡು, ಗಟ್ಟಿ ತೋಳು ಎಂಬ ಪುರಾಣಕ್ಕೂ ಕೊಲ್ಲುವುದಕ್ಕೂ ಸಂಬಂಧವಿಲ್ಲ. ನಿರಾಯುಧರ ಮೇಲೆ ಗುಂಡು ಹಾರಿಸಲು ತೋಳಿನ ಬಲವೂ ಬೇಕಿಲ್ಲ, ಧೈರ್ಯವೂ ಬೇಕಿಲ್ಲ.

ನಾನು ಮನೆಮನೆಗೆ ಪಿಸ್ತೂಲು ಬರಲಿ ಎನ್ನುತ್ತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ 9 ಎಂಎಂ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರು. ಅದು ಹಾಗೆಯೇ ಇರಲಿ. ನನ್ನ ಮಾತು ಕಾನೂನೇ ಪಿಸ್ತೂಲು ಕೈಗೆ ಕೊಟ್ಟವರ ಬಗ್ಗೆ. ನಾಳೆ ಒಂದು ಠಾಣೆಯಲ್ಲಿ ಆ ಹುಡುಗಿ ಸೊಂಟಕ್ಕೆ ಅದನ್ನು ಕಟ್ಟಿಕೊಂಡು ನಿಲ್ಲುತ್ತಾಳೆ. ಅರ್ಧ ಕಲಿತ ಕೈಯಲ್ಲಿರುವ ಪಿಸ್ತೂಲಿಗಿಂತ ಅಪಾಯದ್ದು ಇನ್ನೊಂದಿಲ್ಲ. ಸ್ಲೈಡ್ ಜೊತೆ ಗುದ್ದಾಡುವವಳ ಮೂತಿ ಅತ್ತಿತ್ತ ತಿರುಗುತ್ತದೆ, ಬೆರಳು ಗೊತ್ತಿಲ್ಲದೆ ಟ್ರಿಗರಿಗೆ ಹೋಗುತ್ತದೆ. ಪಕ್ಕದಲ್ಲಿ ನಿಂತವರ ಜೀವದ ಪ್ರಶ್ನೆ ಇದು. ಆ ನಗೆಯ ಬೆಲೆ ಗುಂಡು ಹಾರಿದ ದಿನ ತಿಳಿಯುತ್ತದೆ. ಚೆನ್ನಾಗಿ ಕಲಿತವರಿಗೆ ಮಾತ್ರ ಪಿಸ್ತೂಲನ್ನು ಯಾವಾಗ ತೆಗೆಯಬಾರದು ಎಂಬುದೂ ಗೊತ್ತಿರುತ್ತದೆ.

ಈಗ ಸಾಹಿತ್ಯದ ಮಾತು. ನಮ್ಮ ಸಿನಿಮಾದ ನಾಯಕ ಪ್ರತಿ ಮಾತಿಗೊಮ್ಮೆ ಸ್ಲೈಡ್ ಎಳೆಯುತ್ತಾನೆ, ಸದ್ದು ಬರುತ್ತದೆ, ಸೀಟಿ ಬೀಳುತ್ತದೆ. ಮೊದಲ ಸಲ ಎಳೆದಾಗಲೇ ಒಳಗೆ ಹೋದ ಗುಂಡು ಎರಡನೇ ಸಲ ಎಳೆದಾಗ ನೆಲಕ್ಕೆ ಬೀಳಬೇಕಲ್ಲ ಎಂದು ಯಾರೂ ಕೇಳುವುದಿಲ್ಲ. ನಮ್ಮ ಕತೆಗಳಲ್ಲಿ ಬಂದೂಕು ಒಂದು ಸಂಕೇತ. ಅದಕ್ಕೆ ತೂಕವಿಲ್ಲ, ಎಣ್ಣೆಯ ವಾಸನೆಯಿಲ್ಲ, ಬೆರಳು ಸುಲಿಯುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯಂಥ ಕೆಲವರು ಮಾತ್ರ ಕೋವಿಯನ್ನೂ ಸ್ಕೂಟರನ್ನೂ ಬಿಚ್ಚಿ ಜೋಡಿಸಿದವರ ಹಾಗೆ ಬರೆದರು. ಉಳಿದಂತೆ ಕೈಕೆಲಸ, ಯಂತ್ರ, ಪಾನಾ ನಮ್ಮ ಗದ್ಯದ ಹೊಸ್ತಿಲು ದಾಟುವುದು ಅಪರೂಪ. ಬರೆಯುವವರಿಗೆ ಯಂತ್ರ ಗೊತ್ತಿಲ್ಲ, ಯಂತ್ರ ಗೊತ್ತಿರುವವರು ಬರೆಯುವುದಿಲ್ಲ. ನಡುವಿನ ಖಾಲಿ ಜಾಗದಲ್ಲಿ 'ರೊಟ್ಟಿ ಬಡಿಯೋ ಕೈ' ಎಂಬ ಮಾತು ಹಾಯಾಗಿ ಓಡಾಡಿಕೊಂಡಿದೆ.

ನಮ್ಮೂರಿನ ಪಕ್ಕದ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ಬರೆದ 'ಕವಿರಾಜಮಾರ್ಗ'ವೇ ನಮಗೆ ಸಿಕ್ಕಿರುವ ಕನ್ನಡದ ಅತ್ಯಂತ ಹಳೆಯ ಕೃತಿ. ಅದು ಪುರಾಣವಲ್ಲ, ಕತೆಯಲ್ಲ. ಅದೊಂದು ಕೈಪಿಡಿ. ಯಾವುದು ದೋಷ, ಯಾವುದು ಗುಣ, ಹೇಗೆ ಮಾಡಿದರೆ ಸರಿಯಾಗುತ್ತದೆ ಎಂದು ಉದಾಹರಣೆ ಕೊಟ್ಟು ಕಲಿಸುವ ಪುಸ್ತಕ. 'ನಿನಗೆ ಕವಿತೆ ಬಗ್ಗುವುದಿಲ್ಲ ಬಿಡು' ಎನ್ನುವ ಬದಲು ಹೀಗೆ ಹಿಡಿ, ಹೀಗೆ ಬಿಡು ಎಂದು ತೋರಿಸಿಕೊಟ್ಟದ್ದರಿಂದ ನಮ್ಮ ಸಾಹಿತ್ಯದ ದಾಖಲೆ ಶುರುವಾಗುತ್ತದೆ. ಕಲಿಸುವ ಪುಸ್ತಕದಿಂದ ಶುರುವಾದ ಭಾಷೆ ಇಂದು ಅದೇ ನೆಲದ ಹುಡುಗಿಯ ಕೈಗೆ ಕೊಟ್ಟ ಯಂತ್ರದ ಬಗ್ಗೆ ಒಂದು ಹಾಳೆ ಕೊಡಲಾರದೆ, ಒಂದು ಕುಹಕ ಮಾತ್ರ ಕೊಡುತ್ತಿದೆ.

ಈ ಕುಹಕ ಹೆಂಗಸರಿಗೆ ಮಾತ್ರ ಮೀಸಲಲ್ಲ. ಕಲ್ಯಾಣ ಕರ್ನಾಟಕದಲ್ಲಿ ಹುಟ್ಟಿದವರೆಲ್ಲ ಇದನ್ನು ಬೇರೆ ಬೇರೆ ರೂಪದಲ್ಲಿ ಕೇಳಿದ್ದೇವೆ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನಕ್ಕೆ ಬಿತ್ತು. 'ಆ ಕಡಿಯವರಿಗೆ ತಲಿ ಓಡಂಗಿಲ್ಲ' ಎಂಬ ಮಾತು ಎಷ್ಟು ಬೇಗ ಹೊರಟಿತು! ಗಣಿತದ ಮೇಷ್ಟ್ರಿಲ್ಲದ ಶಾಲೆ, ಕೂಲಿಗೆ ಊರು ಬಿಡುವ ತಂದೆತಾಯಿ, ವರ್ಷದ ನಡುವೆ ಬರುವ ಅತಿಥಿ ಶಿಕ್ಷಕರು, ಇವನ್ನೆಲ್ಲ ಬಿಟ್ಟು ತಪ್ಪನ್ನು ಮಕ್ಕಳ ತಲೆಯೊಳಗೆ ಹುಡುಕುವುದು ಸುಲಭ. ಸಂವಿಧಾನದ 98ನೇ ತಿದ್ದುಪಡಿ 2012ರಲ್ಲಿ 371(ಜೆ) ಕೊಟ್ಟಿತು, ಮೀಸಲಾತಿ ಬಂತು. ಅದರ ಮೇಲೂ ಹಂಗಿನ ಮಾತು ಬಂತು. ಸ್ಲೈಡ್ ಎಳೆಯಲಾರದ ಹುಡುಗಿ, ಲೆಕ್ಕ ಬಿಡಿಸಲಾರದ ಹುಡುಗ ಇಬ್ಬರಿಗೂ ಸಿಗುವ ಉತ್ತರ ಒಂದೇ: ಕೊರತೆ ನಿನ್ನಲ್ಲಿದೆ. ಇಬ್ಬರೂ ಕೇಳಬೇಕಾದ ಪ್ರಶ್ನೆಯೂ ಒಂದೇ: ನನಗೆ ಕಲಿಸಿದವರು ಯಾರು, ಎಷ್ಟು ದಿನ, ಹೇಗೆ?

ಆ ಪ್ರಶ್ನೆ ಕೇಳುವ ಮೊದಲು ಅವಳು ನಕ್ಕಳಲ್ಲ, ನನ್ನನ್ನು ಕಾಡಿದ್ದು ಅದೇ. ಇಷ್ಟು ಕಷ್ಟಪಟ್ಟು ಪರೀಕ್ಷೆ ಪಾಸಾಗಿ, ಓಟ ಓಡಿ, ಊರು ಬಿಟ್ಟು ಹೋದ ಹುಡುಗಿ ತನ್ನ ಮೇಲಿನ ಕುಹಕಕ್ಕೆ ತಾನೇ ನಕ್ಕಳು. ನಗದಿದ್ದರೆ ಮರುದಿನ ಇನ್ನೊಂದು ಮಾತು ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕುಹಕ ಗೆಲ್ಲುವುದು ಹೇಳಿದಾಗ ಅಲ್ಲ. ಕೇಳಿಸಿಕೊಂಡವರು ಅದನ್ನು ನಂಬಿದಾಗ.

ಕೆಲಸದ ಮಾತು ಇಷ್ಟೇ. ಹೊಸ ಪಿಸ್ತೂಲನ್ನು ಗ್ರೀಸು ಒರೆಸಿ, ಎಣ್ಣೆ ಹಾಕಿ ಕೈಗೆ ಕೊಡಿ. ಗುಂಡು ಕೊಡುವ ಮೊದಲು ಖಾಲಿ ಪಿಸ್ತೂಲಿನಲ್ಲಿ, ನಕಲಿ ಗುಂಡಿನಲ್ಲಿ ಹಿಡಿತ ಕಲಿಸಿ. ಅದಕ್ಕೆ ದಿನಗಳು ಬೇಕಾದರೆ ದಿನಗಳನ್ನು ಕೊಡಿ. ಭಾಗಗಳ ಹೆಸರು, ಹಿಡಿತದ ಕ್ರಮ ಕನ್ನಡದಲ್ಲಿ ಚಿತ್ರದ ಜೊತೆ ಗೋಡೆಗೆ ಅಂಟಿಸಿ. ಕಲಿಸಿದ ಮೇಲೂ ಆಗದಿದ್ದರೆ ಆಗ ಬಲದ ಮಾತಾಡಿ, ಅದಕ್ಕೂ ವ್ಯಾಯಾಮವಿದೆ. ಅದಕ್ಕೆ ಮೊದಲು ರೊಟ್ಟಿಯ ಸುದ್ದಿಗೆ ಬರಬೇಡಿ.

ರಜೆ ಮುಗಿಸಿ ಹೋದ ಎಂಟು ದಿನಕ್ಕೆ ಅವಳ ಫೋನು ಬಂತು. ಅವಳಿಗೆ ಸ್ಲೈಡ್ ಬಂದಿತ್ತು. ರಾತ್ರಿ ಬ್ಯಾರಕ್ಕಿನಲ್ಲಿ ಉಳಿದವರಿಗೆ ಬರಿಗೈಯಲ್ಲೇ ಹಿಡಿತ ತೋರಿಸಿದ್ದಳಂತೆ. ಐವರಿಗೆ ಬಂತು, ಮೂವರಿಗೆ ಇನ್ನೂ ಬಂದಿಲ್ಲ. 'ಹೆಂಗ್ ಬಂತು ಅಂತ ಕಲಿಸೋರು ಕೇಳಿದ್ರೇನು?' ಎಂದೆ. 'ಇಲ್ಲ ಮಾಮಾ, ಅವರೇನೂ ಕೇಳ್ಲಿಲ್ಲ' ಎಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ನೀವು ಬರಿಯೋರಲ್ಲ, ಮುತ್ಯಾ ಹೇಳಿದ್ದು ಒಂದು ಹಾಳ್ಯಾಗ ಕನ್ನಡದಾಗ ಬರ್ದು ಕಳಸ್ರಿ. ಆ ಮೂರು ಮಂದಿಗೆ ಬೇಕಾಗ್ಯಾದ' ಎಂದಳು.

ಅಪ್ಪನ ಮುಂದೆ ಕುಳಿತು ಬರೆದೆ. ಏಳು ಸಾಲಾಯಿತು. ಅಪ್ಪ ಓದಿಸಿ ಕೇಳಿ, ನಾನು 'ಎಳೆ' ಎಂದು ಬರೆದ ಕಡೆಯೆಲ್ಲ ಹೊಡೆಸಿ 'ದಬ್ಬು' ಎಂದು ಬರೆಸಿದರು.